ಬಳಿಯದ ಗೋಡೆ

“ಒಲಿ ಮುಂದ ಇನ್ನೂ ಹಸಿ ಐತಿ. ತುಳೀಬ್ಯಾಡ್ರಿ.”

ನನ್ನ ಹೆಂಡತಿ ಮಾಳವ್ವ ನನಗೆ ಹೇಳಿದ ಕಡೆಯ ಮಾತು ಇದು. ಅಡಿಗೆಮನೆಯ ನೆಲ ಸಾರಿಸಿ, ಬಕೀಟು ಹಿಡಿದು ಹಿತ್ತಲಿಗೆ ಹೋದಳು. ಬಚ್ಚಲ ಕಲ್ಲಿನ ಮೇಲೆ ಕುಳಿತಳು. ಮತ್ತೆ ಏಳಲಿಲ್ಲ.

ಸೂತಕ ಕಳೆಯಲು ಓಣಿಯ ಹೆಂಗಸರು ಬಂದು ಮನೆಯೆಲ್ಲ ಸಾರಿಸಿದರು. ಅಡಿಗೆಮನೆಗೆ ಮಾತ್ರ ನಾನು ಬಿಡಲಿಲ್ಲ. ಬೀಗ ಹಾಕಿದೆ. ಒಳಗೆ ನೆಲದ ಮೇಲೆ ಅವಳ ಕೈ ಆಡಿದ ಗೆರೆಗಳಿದ್ದವು. ಬಿಲ್ಲಿನ ಹಾಗೆ ಬಾಗಿದ ಗೆರೆಗಳು, ಒಂದರ ಮಗ್ಗುಲಿಗೆ ಒಂದು. ಕದದ ಸಂದಿಯಲ್ಲಿ ಕಣ್ಣಿಟ್ಟರೆ ಕಾಣುತ್ತಿದ್ದವು. ದಿನವೂ ನೋಡುತ್ತಿದ್ದೆ. ಬೇಸಿಗೆ ಬಂತು. ನೆಲ ಅಲ್ಲಲ್ಲಿ ಹಕ್ಕಳೆ ಎದ್ದಿತು. ಆದರೂ ನೋಡುತ್ತಿದ್ದೆ.

ನಾನು ಕಂಬಳಿ ನೇಯುವವನು. ಪಡಸಾಲೆಯಲ್ಲಿ ಮಗ್ಗದ ಪಕ್ಕ ಮೂರು ಕಲ್ಲು ಇಟ್ಟುಕೊಂಡು ಬೇಯಿಸಿಕೊಂಡೆ. ಒಬ್ಬನ ಹೊಟ್ಟೆಗೆ ಮೂರು ಕಲ್ಲು ಸಾಕು.

ಆದರೆ ಮಗಳು ಹೊನ್ನಮ್ಮ ಬಸುರಿ. ಚೊಚ್ಚಲು. ಚೊಚ್ಚಲ ಬಾಣಂತನ ತವರಿನದು. ನಮ್ಮದು ಸಣ್ಣ ಮನೆ. ಪಡಸಾಲೆಗೆ ಗಾಳಿ ನುಗ್ಗುತ್ತದೆ. ಬಾಣಂತಿಯನ್ನು ಬೆಚ್ಚಗೆ ಮಲಗಿಸಲು, ಅವಳಿಗೆ ನೀರು ಕಾಯಿಸಲು ಇರುವುದು ಬೀಗ ಹಾಕಿದ ಆ ಒಂದೇ ಒಳಮನೆ. ಅವಳು ಫೋನಿನಲ್ಲಿ ಕೇಳಿದಳು.

“ಅಪ್ಪಾ, ಅವ್ವ ಇಲ್ಲದ ಮನಿಗೆ ಬರ್ತೀನಿ. ಒಲಿ ಇಲ್ಲದ ಮನಿಗೆ ಹ್ಯಾಂಗ ಬರ್ಲಿ?”

ನಾನು ಕದದ ಬೀಗ ನೋಡುತ್ತ ನಿಂತೆ.

“ಹೋಗ್ಲಿ ಬಿಡು. ಇಲ್ಲೇ ಇರ್ತೀನಿ,” ಎಂದಳು. ಅವಳ ಅತ್ತೆ ಕೆಟ್ಟವಳಲ್ಲ. ಆದರೂ ಹಾಗೆನ್ನುವಾಗ ಮಗಳ ದನಿ ಸಣ್ಣಗಾಗಿತ್ತು.

ಸೋಮವಾರ ಮಠಕ್ಕೆ ಹೋದೆ. ಅಜ್ಜನವರು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರು ಮಠಕ್ಕೆ ದೊಡ್ಡವರು. ಆದರೂ ಕೈ ಬರಿದಾಗಿ ಕೂರುವವರಲ್ಲ. ನಾನು ಅಡ್ಡಬಿದ್ದು ಕೇಳಿದೆ.

“ಅಜ್ಜಾರ, ಮನ್ಯಾಗಿನ ಬೀಗ ತೆಗೀಲಿಕ್ಕೆ ಒಳ್ಳೇ ದಿನ ಯಾವುದ್ರಿ?”

“ಎಂಥಾ ಬೀಗ?”

“ಹಿತ್ತಾಳೀದ್ರಿ. ಪ್ಯಾಟಿಂದ ತಂದದ್ದು. ಗಟ್ಟಿ ಐತಿ.”

“ಒಳಗ ಏನೈತಿ?”

“ಒಂದು ಒಲಿ. ನಾಕು ಗಡಿಗಿ. ನೆಲ.”

“ಕಳ್ಳ ನೆಲಾ ಒಯ್ತಾನೇನೋ ರೇವಪ್ಪ?”

“ಒಯ್ಯೂದಿಲ್ರಿ. ತುಳೀತಾನ.”

ಅಜ್ಜನವರು ನನ್ನ ಮುಖ ನೋಡಿದರು. ನಗಲಿಲ್ಲ. ನಾನು ಮಾಳವ್ವನ ಮಾತನ್ನೂ ಮಗಳ ಮಾತನ್ನೂ ಹೇಳಿದೆ. ಪೂರಾ ಕೇಳಿದರು. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದು ಮಣ್ಣಿನ ಗೋಡೆಯ ಮನೆ. ಮುತ್ತಜ್ಜನ ಕಾಲದ್ದು. ಪ್ರತಿ ವರ್ಷ ದೀಪಾವಳಿಗೆ ಮೊದಲು ಮನೆಯ ಹೆಂಗಸರು ಹೊರಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಒಣಗಿದ ಮೇಲೆ ಸುಣ್ಣದಲ್ಲಿ ಬೆರಳು ಅದ್ದಿ ಚಿತ್ರ ಬರೆಯುತ್ತಿದ್ದರು. ಮರುವರ್ಷ ಆ ಚಿತ್ರದ ಮೇಲೆಯೇ ಕೆಮ್ಮಣ್ಣು. ಅದರ ಮೇಲೆ ಹೊಸ ಚಿತ್ರ. ಇದು ಯಾವ ಸೊಸೆಯಿಂದ ಮೊದಲಾಯಿತೋ ಯಾರಿಗೂ ಗೊತ್ತಿರಲಿಲ್ಲ.

ಒಂದು ವರ್ಷ ಮೂರು ಗೋಡೆಗಳು ಬೇರೆ ಮನೆ ಮಾಡಿದ್ದ ಅವನ ತಮ್ಮಂದಿರ ಹೆಂಡಿರ ಪಾಲಿಗೆ ಬಂದವು. ಹಿತ್ತಲ ಕಡೆಯ ಗೋಡೆ ವ್ಯಾಪಾರಿಯ ಹೆಂಡತಿಯ ಪಾಲಿಗೆ ಬಂತು. ಅವಳು ಅದರ ಮೇಲೆ ಗಿಳಿಗಳ ಸಾಲು ಬರೆದಳು. ಚಳಿಗಾಲ ಕಳೆಯುವ ಮೊದಲೇ ತೀರಿಕೊಂಡಳು.

ಮುಂದಿನ ದೀಪಾವಳಿಗೆ ಹೆಂಗಸರು ಕೆಮ್ಮಣ್ಣಿನ ಗಡಿಗೆ ಹೊತ್ತು ಬಂದರು. ವ್ಯಾಪಾರಿ ಹಿತ್ತಲ ಗೋಡೆಗೆ ಅಡ್ಡ ನಿಂತ.

“ಆ ಮೂರು ಬಳಿಯಿರಿ. ಇದನ್ನು ಮುಟ್ಟಬೇಡಿ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ಬಳಿದು ಹೋದರು. ಮರುವರ್ಷವೂ ಹಾಗೆಯೇ ಆಯಿತು. ಅದರ ಮರುವರ್ಷವೂ ಹಾಗೆಯೇ.

ಒಂಟಿ ಮನುಷ್ಯನಿಗೆ ಭಯ ಹೆಚ್ಚು. ವ್ಯಾಪಾರಿ ತೇಗದ ಕದ ಮಾಡಿಸಿದ. ಕದದ ಹಿಂದೆ ತೊಲೆಯಂಥ ಅಗಳಿ ಇಡಿಸಿದ. ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿದ. ಗಿಳಿಗಳ ಮುಂದೆ ಮುಳ್ಳಿನ ಬೇಲಿ ಕಟ್ಟಿದ, ಓಣಿಯ ಮಕ್ಕಳು ಕೈಯಾಡಿಸಬಾರದೆಂದು.

ಅವನಿಗೆ ಒಬ್ಬ ಮುದಿ ಸೋದರತ್ತೆ ಇದ್ದಳು. ಅವಳು ಬೇಲಿಯೊಳಗೆ ಕೈ ತೂರಿಸಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದಳು. ಅದು ಒಡೆದ ಗಡಿಗೆಯಂತೆ ಸದ್ದು ಮಾಡಿತು.

“ಒಳಗೆ ಗೆದ್ದಲು ಹತ್ತಿದೆ ಮಗಾ. ಗೋಡೆಯೂ ವರ್ಷಕ್ಕೊಮ್ಮೆ ಉಣ್ಣಬೇಕು.”

“ಉಪವಾಸ ಇರಲಿ ಅತ್ತೆ. ನಾನೂ ಇದ್ದೇನೆ,” ಎಂದ ವ್ಯಾಪಾರಿ.

ಮುದುಕಿ ಮತ್ತೆ ಮಾತೆತ್ತಲಿಲ್ಲ. ದುಃಖದವರ ಜೊತೆ ಎಷ್ಟೆಂದು ವಾದ ಮಾಡುವುದು.

ಒಂದು ಬೆಳಗ್ಗೆ ವ್ಯಾಪಾರಿ ಎದ್ದು ಹಿತ್ತಲಿಗೆ ಬಂದ. ಗೋಡೆಯಲ್ಲಿ ಎತ್ತು ನುಗ್ಗುವಷ್ಟು ತೂತು ಬಿದ್ದಿತ್ತು. ಮಣ್ಣಿನ ರಾಶಿಯಲ್ಲಿ ಒಬ್ಬ ಕಳ್ಳ ಸೊಂಟದವರೆಗೆ ಸಿಕ್ಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಅವನ ಹಾರೆ ಬಿದ್ದಿತ್ತು.

“ನನ್ನ ಗೋಡೆಗೆ ಕನ್ನ ಹಾಕಿದೆಯಾ?” ಎಂದ ವ್ಯಾಪಾರಿ.

“ದೇವರಾಣೆ ಇಲ್ಲ ಸಾಹುಕಾರ್ರೇ. ಕನ್ನ ಹಾಕಿದ್ದು ಆ ಮೂರು ಗೋಡೆಗೆ. ನಿಮ್ಮ ಮನೆ ಹೆಂಗಸರು ಅದೆಷ್ಟು ಸಲ ಬಳಿದಿದ್ದಾರೋ, ಹಾರೆಯ ಮೊನೆ ಮಡಚಿಕೊಂಡಿತು. ಕೈಸೋತು, ಯಾರೂ ಕಾಣಬಾರದೆಂದು ಬೇಲಿ ಸರಿಸಿ ಇಲ್ಲಿ ಬಂದು ಒರಗಿ ಕುಳಿತೆ. ಗೋಡೆಯೇ ಬಂತು.”

ವ್ಯಾಪಾರಿ ಅವನನ್ನು ಹೊಡೆಯಲಿಲ್ಲ. ಕೂಗಿ ಊರನ್ನೂ ಸೇರಿಸಲಿಲ್ಲ. ಮೊಣಕಾಲೂರಿ ಗಿಳಿಗಳನ್ನು ಹುಡುಕತೊಡಗಿದ. ಹುಡುಕುತ್ತ ಹುಡುಕುತ್ತ ಕಳ್ಳನ ಮೇಲಿನ ಮಣ್ಣೂ ಸರಿಯಿತು.

ಗಿಳಿಗಳು ಸಿಗಲಿಲ್ಲ. ಒಂದು ಹೆಂಟೆಯ ಮೇಲೆ ಅರ್ಧ ರೆಕ್ಕೆ ಇತ್ತು. ಹೆಬ್ಬೆರಳು ತಾಗಿದ್ದೇ ತಡ, ಹಿಟ್ಟಾಗಿ ಉದುರಿತು. ಆದರೆ ಅದು ಉದುರಿದ ಜಾಗದಲ್ಲಿ ಬೇರೆ ಗೆರೆಗಳು ಕಂಡವು. ಬೆಳ್ಳಗೆ, ನಿನ್ನೆ ಬರೆದಂತೆ. ಎರಡು ನವಿಲು. ಅವನಿಗೆ ಗುರುತು ಹತ್ತಿತು. ಅವು ಅವನ ತಾಯಿಯ ನವಿಲುಗಳು. ತಾಯಿ ತೀರಿಕೊಂಡ ವರ್ಷ ಅವುಗಳ ಮೇಲೆ ಕೆಮ್ಮಣ್ಣು ಬಳಿದವಳು ಅವನ ಹೆಂಡತಿ. ಪದ ಹೇಳುತ್ತ ಬಳಿದಿದ್ದಳು. ಅವನು ಇದೇ ಹಿತ್ತಲಲ್ಲಿ ಕುಳಿತು ಕೇಳಿದ್ದ.

ಕಳ್ಳ ಕಾಲು ಬಿಡಿಸಿಕೊಂಡು ಎದ್ದ. ಓಡಿಹೋಗಬಹುದಿತ್ತು. ಅವನೂ ಬಗ್ಗಿ ನೋಡಿದ.

“ಒಳಗಿನವು ಚೆನ್ನಾಗಿವೆ ಸಾಹುಕಾರ್ರೇ,” ಎಂದ.

ಅಜ್ಜನವರು ಅಲ್ಲಿಗೆ ನಿಲ್ಲಿಸಿ ಮತ್ತೊಂದು ಅವರೆಕಾಯಿ ಎತ್ತಿಕೊಂಡರು. ಕತೆ ಇನ್ನೂ ಇದೆ ಎಂದು ನಾನು ಕಾದೆ. ಇರಲಿಲ್ಲ.

“ಅಜ್ಜಾರ, ಹಂಗಾರ ಅವನ ಹೇಣ್ತಿ ಗಿಳಿ ಹೋದುವಲ್ರಿ,” ಎಂದೆ.

“ಹೋದುವು.”

“ಅವ ಅಷ್ಟು ಕಾಯ್ದಿದ್ದ.”

ಅವರು ಕಾಯಿ ಸುಲಿದರು. ಕಾಳನ್ನು ಬುಟ್ಟಿಗೆ ಹಾಕಿದರು. ಆಮೇಲೆ ಅಂದರು.

“ಮುಚ್ಚಿದ್ದು ಉಳೀತು ರೇವಪ್ಪ, ಕಾಯ್ದದ್ದು ಹಿಟ್ಟಾತು.”

ಬುಟ್ಟಿ ತುಂಬುವ ತನಕ ಇಬ್ಬರೂ ಕೂಡಿ ಅವರೆಕಾಯಿ ಸುಲಿದೆವು. ದಿನ ಯಾವುದೆಂದು ನಾನು ಮತ್ತೆ ಕೇಳಲಿಲ್ಲ.

ಮರುದಿನ ಬೆಳಗ್ಗೆ ಸಗಣಿ ತಂದೆ. ಕೆರೆಯ ಅಂಗಳದಿಂದ ಕೆಮ್ಮಣ್ಣೂ ತಂದೆ. ಹಿತ್ತಲಲ್ಲಿ ಕಲಸುತ್ತ ಕುಳಿತಿದ್ದಾಗ ಪಕ್ಕದ ಮನೆಯ ಕರೆವ್ವ ಬೇಲಿಯ ಮೇಲಿಂದ ನೋಡಿದಳು. ಸೂತಕದ ದಿನ ನಾನು ಅಡಿಗೆಮನೆ ಬಾಗಿಲಿಂದ ಹಿಂದಕ್ಕೆ ಕಳಿಸಿದ್ದು ಇವಳನ್ನೇ.

“ಯಣ್ಣಾ, ಏನದು, ಭಕ್ರಿ ಹಿಟ್ಟು ಕಲಸೀದಂಗ ಕಲಸಾಕತ್ತೀ? ನೀರು ಹಾಕು. ಇಲ್ಲಾಂದ್ರ ಅತ್ತಾಗ ಸರಿ, ನಾ ಸಾರಸ್ತೀನಿ.”

“ಬ್ಯಾಡವ್ವ. ಹ್ಯಾಂಗಂತ ಹೇಳಿಕೊಡು.”

ಅವಳು ಬಂದು ಹೊಸ್ತಿಲಲ್ಲಿ ಕುಳಿತಳು. ನಾನು ಬೀಗ ತೆಗೆದೆ. ಬಾಗಿಲು ದೂಡಿದೆ. ಒಳಗೆ ಕಾಲಿಡಲು ಸ್ವಲ್ಪ ಹೊತ್ತು ಹಿಡಿಯಿತು. ಕರೆವ್ವ ಬೇರೆ ಕಡೆ ನೋಡುತ್ತಿದ್ದಳು.

“ಮೊದಲು ಕಸಬರಿಗಿ ಹಿಡಿ,” ಎಂದಳು. “ಎದ್ದ ಹಕ್ಕಳಿ ಮ್ಯಾಲೆ ಸಾರಿಸಿದ್ರ ನಿಲ್ಲೂದಿಲ್ಲ. ಹೊಸಾದನ್ನೂ ಎಬ್ಬಿಸಿಕೊಂಡು ಹೋಗತೈತಿ.”

ಕಸಬರಿಗೆ ಹಿಡಿದು ನಿಂತೆ. ಮೆಲ್ಲಗೆ ಗುಡಿಸಿದೆ. ಬಾಗಿಲ ಹತ್ತಿರದ ಗೆರೆಗಳೆಲ್ಲ ಪುಡಿಯಾಗಿ ಬಂದವು. ನಡುವೆಯೂ ಬಂದವು. ಮೊರಕ್ಕೆ ತುಂಬಿ ಕರೆವ್ವನ ಕೈಗೆ ಕೊಟ್ಟೆ. ಅವಳು ಅದನ್ನು ತಿಪ್ಪೆಗೆ ಹಾಕಲಿಲ್ಲ. ಕಲಸಿದ ಮಣ್ಣಿಗೇ ಸುರಿದು ಕೈಯಾಡಿಸಿದಳು.

ಒಲೆಯ ಹತ್ತಿರ ನೆಲ ಗಟ್ಟಿಯಿತ್ತು. ಅಲ್ಲಿಯ ಗೆರೆಗಳು ಎದ್ದಿರಲಿಲ್ಲ.

“ಗೋಡಿ ಕಡಿಂದ ಸುರು ಮಾಡು. ಹೊಸ್ತಿಲ ಕಡೆ ಹಿಂದ ಹಿಂದ ಬಾ. ನಡುವ ಕೈ ಎತ್ತಬ್ಯಾಡ,” ಎಂದಳು ಕರೆವ್ವ.

ಕುಕ್ಕರಗಾಲಲ್ಲಿ ಕುಳಿತೆ. ಅಂಗೈ ತುಂಬ ಮಣ್ಣು ತೆಗೆದು ನೆಲಕ್ಕಿಟ್ಟೆ. ಕೈ ಎಳೆದೆ. ಮಣ್ಣಿನ ಕೆಳಗೆ ಮಾಳವ್ವನ ಗೆರೆಗಳು ಅಂಗೈಗೆ ತಾಗಿದವು. ಮಗ್ಗದ ಮೇಲೆ ಕುಳಿತರೆ ನೂಲು ಬೆರಳಿಗೆ ತಾಗುವ ಹಾಗೆ. ಅವು ಬಾಗಿದ ಕಡೆಗೆ ನನ್ನ ಕೈಯೂ ಬಾಗಿತು. ಅಲ್ಲಿ ನನ್ನ ಗೆರೆ ಚೆಂದ ಬಂತು. ಗೆರೆ ಇಲ್ಲದ ಕಡೆ ಸೊಟ್ಟ ಬಂತು.

ಬಹಳ ಹೊತ್ತು ಹಿಡಿಯಿತು. ಸೊಂಟ ಬಿದ್ದುಹೋಯಿತು.

“ಎಮ್ಮಿ ಹೊರಳಿದಂಗ ಆಗೇತಿ,” ಎಂದಳು ಕರೆವ್ವ. ಸ್ವಲ್ಪ ತಡೆದು ಅಂದಳು, “ಇರ್ಲಿ. ಇನ್ನೆರಡು ಸಲ ಸಾರಿಸಿದ್ರ ಕೈ ಕೂಡತೈತಿ.”

ಹೊಸ್ತಿಲಲ್ಲಿ ಕುಳಿತು ಮಗಳಿಗೆ ಫೋನು ಹಚ್ಚಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

“ಹೊನ್ನೀ, ಬಾಣಂತಿ ನೀರು ಕಾಯಿಸಾಕ ಸಗಣಿ ಕುಳ್ಳು ಸಾಕೋ, ಕಟಗೀನೂ ಬೇಕೋ?”

ಕಟ್ ಆಯಿತೇನೋ ಎಂದು ಫೋನನ್ನು ತಿರುಗಿಸಿ ನೋಡಿದೆ. ಆಗಿರಲಿಲ್ಲ.

“ಎರಡೂ ತಂದಿಡಪ್ಪಾ,” ಎಂದಳು.

ಕೊಡಲಿ ತೆಗೆದುಕೊಂಡು ಕಟ್ಟಿಗೆಗೆ ಹೊರಟೆ.