ಗುರುಸಿದ್ಧಾಂಬೆ ತಾಯಿಯವರು ನೀಲವ್ವನ ಮನೆಗೆ ನಡೆದ ಬೆಳಗು

ಪೂಜ್ಯ ಗುರುಸಿದ್ಧಾಂಬೆ ತಾಯಿಯವರು ಕರಿಬಸವನಹಾಳದಲ್ಲಿ ವಾಸವಾಗಿದ್ದುದು ಎರಡೇ ಅಂಕಣದ ಮಣ್ಣಿನ ಮಠದಲ್ಲಿ. ಒಂದು ಅಂಕಣದಲ್ಲಿ ಗದ್ದುಗೆ, ಇನ್ನೊಂದರಲ್ಲಿ ಬೇನೆಯವರಿಗೆ ಹಾಸಿದ ಚಾಪೆಗಳು. ತಾಯಿಯವರು ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದರು.

ಮಠದ ರೋಗಿಗಳನ್ನು ರೇವಣಯ್ಯ ವೈದ್ಯರು ನೋಡಿಕೊಳ್ಳುತ್ತಿದ್ದರು. ಶಾಸ್ತ್ರ ಬಲ್ಲವರು, ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಪಥ್ಯದ ವಿಷಯದಲ್ಲಿ ಬಲು ಬಿಗಿ. ಕೀಲು ಬಾತವರಿಗೆಲ್ಲ ಒಂದೇ ಕಟ್ಟಳೆ: ಸೂರ್ಯ ಹುಟ್ಟುವ ಮೊದಲು ತಣ್ಣೀರ ಸ್ನಾನ, ಊರ ಸುತ್ತ ನಡಿಗೆ, ಬಂದೊಡನೆ ಕಷಾಯ.

ಮಾಗಿಯ ಒಂದು ಮಧ್ಯಾಹ್ನ ಹಳೆ ಬಟ್ಟೆಗಳಿಂದ ಕೌದಿ ಹೊಲಿಯುವ ನೀಲವ್ವ ಬಂದು, ಮದ್ದಿನ ಗಂಟನ್ನು ವೈದ್ಯರ ಮುಂದಿಟ್ಟು, ಇನ್ನು ತನಗೆ ಇದು ಬೇಡ ಎಂದಳು. ಐದು ವರ್ಷಗಳ ಸಂಧಿವಾತ ಅವಳ ಬೆರಳುಗಳನ್ನು ಓರೆಯಾಗಿಸಿತ್ತು. ವೈದ್ಯರಿಗೆ ನೋವೂ ಆಯಿತು, ಸಿಟ್ಟೂ ಬಂತು. ಇವಳು ಕಷಾಯವನ್ನು ಚೆಲ್ಲುತ್ತಾಳೆಂದು ಕೇಳಿದ್ದೇನೆ, ಹೇಳಿದ್ದನ್ನು ಪಾಲಿಸುವವರಿಗಾದರೂ ಈ ಮದ್ದು ಸಿಗಲಿ ಎಂದು ತಾಯಿಯವರಲ್ಲಿ ದೂರಿದರು.

ತಾಯಿಯವರು ನೀಲವ್ವನ ಪಕ್ಕ ನೆಲದ ಮೇಲೆ ಕುಳಿತು, ಅವಳ ಬಲಗೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು.

"ಬೆಳಿಗ್ಗೆ ಎದ್ದಮೇಲೆ ಏನೇನು ಮಾಡ್ತೀಯವ್ವ? ಒಂದೊಂದೇ ಹೇಳು."

ನೀಲವ್ವ ಮೆಲ್ಲಗೆ ಹೇಳತೊಡಗಿದಳು. ಗಂಡ ತೀರಿದ ಮೇಲೆ ಅವಳು ಒಬ್ಬಳೇ. ಎದ್ದಾಗ ಬೆರಳು ಮಡಚುವುದಿಲ್ಲ. ಬಾಗಿಲ ಅಗಳಿಯನ್ನು ಮೊಣಕೈಯಿಂದ ಸರಿಸುತ್ತಾಳೆ. ಬಿಸಿಲು ಅಂಗಳಕ್ಕೆ ಇಳಿದು ಕೈ ಸಡಿಲಾಗುವವರೆಗೆ ರೊಟ್ಟಿ ಬಡಿಯಲಾಗುವುದಿಲ್ಲ. ಹೀಗಾಗಿ ಕಷಾಯ ಬರಿಹೊಟ್ಟೆಗೇ ಬೀಳುತ್ತದೆ, ಉರಿಯುತ್ತದೆ, ಬಂದ ಹಾದಿಯಲ್ಲೇ ಹೊರಬರುತ್ತದೆ.

"ಮದ್ದು ಒಲ್ಲೆ ಅಂತಲ್ರೀ ತಾಯಿ," ಎಂದಳು. "ಹೊಟ್ಟ್ಯಾಗ ನಿಲ್ಲವಲ್ದು. ವೈದ್ಯರು ಬೇಜಾರು ಮಾಡ್ಕೋತಾರ ಅಂತ ಹೇಳಲಿಲ್ಲ."

ಎರಡು ವರ್ಷ ತಮ್ಮ ಕೈಯಾರೆ ಮದ್ದು ಕಟ್ಟಿಕೊಟ್ಟ ವೈದ್ಯರಿಗೆ ಇದೊಂದೂ ಗೊತ್ತಿರಲಿಲ್ಲ. ಆದರೂ ಮನಸ್ಸು ಸೋಲಲೊಪ್ಪಲಿಲ್ಲ. ಹಾಗಿದ್ದರೆ ನೀವೇ ಹರಸಿ ಇವಳ ಬೇನೆಯನ್ನು ತೆಗೆಯಬಹುದಲ್ಲ ಎಂದು ತಾಯಿಯವರನ್ನು ಕೊಂಚ ಕಹಿಯಾಗಿಯೇ ಕೇಳಿಬಿಟ್ಟರು.

"ಅದು ನನ್ನ ಕೈಲಾಗದು," ಎಂದರು ತಾಯಿಯವರು. "ರೋಗಕ್ಕೆ ಬೇಕಾದ್ದನ್ನು ನೀವು ಕೊಟ್ಟಿದ್ದೀರಿ, ವೈದ್ಯರೇ. ನೀಲವ್ವನಿಗೆ ಏನು ಕೊಡೋಣ?"

ವೈದ್ಯರು ಮದ್ದಿನ ಚೀಲವನ್ನು ಹೆಗಲಿಗೇರಿಸಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಬಂದಾಗ ಮಠದ ಕಟ್ಟೆ ಬರಿದಾಗಿತ್ತು. ಎಲ್ಲಿ ಹೋಗಿರಬಹುದೆಂದು ಊಹಿಸಿ ನೀಲವ್ವನ ಮನೆಯತ್ತ ನಡೆದರು. ಬಾಗಿಲು ತೆರೆದಿತ್ತು. ಒಲೆಯ ಮೇಲೆ ಜೋಳದ ಅಂಬಲಿ ಕುದಿಯುತ್ತಿತ್ತು. ನೀಲವ್ವನ ಎರಡೂ ಕೈಗಳು ಬಿಸಿನೀರಿನ ಬೋಗುಣಿಯಲ್ಲಿದ್ದವು. ಅವಳ ಬೆನ್ನ ಹಿಂದೆ ಕುಳಿತ ತಾಯಿಯವರು, ಎಪ್ಪತ್ತು ದಾಟಿದ ಆ ಪುಣ್ಯಜೀವಿ, ಅವಳ ತಲೆ ಬಾಚಿ ಹೆರಳು ಹಾಕುತ್ತಿದ್ದರು.

"ಈ ಕೈ ಹಿಂಗಾದಾಗಿಂದ ಹೆರಳೇ ಹಾಕ್ಕೊಂಡಿಲ್ರೀ," ಎಂದಳು ನೀಲವ್ವ. ಅವಳ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಕೈ ನೀರಿನಲ್ಲಿತ್ತು. ತಾಯಿಯವರು ತಮ್ಮ ಸೆರಗಿನಿಂದ ಒರೆಸಿದರು.

ಹೊಸ್ತಿಲಲ್ಲಿ ನಿಂತಿದ್ದ ವೈದ್ಯರು ಒಳಗೆ ಬಂದು ಅಂಬಲಿಯನ್ನು ಬಟ್ಟಲಿಗೆ ಬಗ್ಗಿಸಿದರು. ಆರಿಸಿ, ನೀಲವ್ವನ ಬಾಯಿಯ ಹತ್ತಿರ ತಾವೇ ಹಿಡಿದರು. ಕಷಾಯ ಇನ್ನು ಮಧ್ಯಾಹ್ನದ ಊಟವಾದ ಮೇಲೆ, ತಣ್ಣೀರ ಸ್ನಾನ ಬೇಡ, ನಡಿಗೆ ಬಿಸಿಲೇರಿದ ಮೇಲೆ ಸಾಕು ಎಂದರು.

ನೀಲವ್ವನ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಆದರೆ ಮದ್ದು ಹೊಟ್ಟೆಯಲ್ಲಿ ನಿಂತಿತು, ಬಾವು ಇಳಿಯಿತು. ಓಣಿಯ ಹೆಂಗಸರು ಸರದಿಯ ಮೇಲೆ ಬೆಳಗಿನ ಅಂಬಲಿ ತರತೊಡಗಿದರು. ಯುಗಾದಿಯ ಹೊತ್ತಿಗೆ ಅವಳು, ದಿನಕ್ಕೆ ನಾಲ್ಕು ಗೇಣು ಹೊಲಿಗೆ ಹಾಕುತ್ತ, ತೊಟ್ಟಿಲ ಕೌದಿಯೊಂದನ್ನು ಹೊಲಿಯುತ್ತಿದ್ದಳು.

ಅಂಬಲಿ ಕುಡಿಸಿದ ಆ ಬೆಳಿಗ್ಗೆ ವೈದ್ಯರು ನೀಲವ್ವನ ಮನೆಯಿಂದ ನೇರವಾಗಿ ಹೋದದ್ದು ಬಡಿಗೇರ ಹಂಪಣ್ಣನ ಮನೆಗೆ. ಮಂಡಿ ಬಾತ ಅವನನ್ನು ನಾಲ್ಕು ತಿಂಗಳಿಂದ ನಡಿಗೆ ತಪ್ಪಿಸುವ ಸೋಮಾರಿಯೆಂದು ಅವರು ಗದರಿಸುತ್ತ ಬಂದಿದ್ದರು. ಅವರನ್ನು ಕಂಡು ಹಂಪಣ್ಣ ಗಡಬಡಿಸಿ ಏಳಹೋದ. ವೈದ್ಯರು ಅವನ ಹೆಗಲು ಹಿಡಿದು ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು. ಅವನು ಹೇಳುವುದೆಲ್ಲ ಮುಗಿಯುವವರೆಗೆ ಮದ್ದಿನ ಚೀಲದ ದಾರವನ್ನು ಅವರು ಬಿಚ್ಚಲಿಲ್ಲ.