ಟವೆಲ್ಲಿನ ಹೊಟ್ಟೆಯುರಿ

ಸಿಟಿ ಬಸ್ಸು ಬಂದು ನಿಲ್ಲುತ್ತಲೇ ಮರಿಸ್ವಾಮಿ ಕಿಟಕಿಯಿಂದ ತನ್ನ ಕರ್ಚೀಫನ್ನೂ ಟವೆಲ್ಲನ್ನೂ ಒಳಗೆಸೆದು, ಅವ್ವನಿಗೊಂದು ತನಗೊಂದು ಸೀಟು ಹಿಡಿದ. ಆಮೇಲೆ ಅವ್ವನ ಕೈ ಹಿಡಿದುಕೊಂಡು ಬಾಗಿಲ ನೂಕುನುಗ್ಗಲಿಗೆ ನುಗ್ಗಿದ.

ಕರ್ಚೀಫು ಕಿಟಕಿ ಪಕ್ಕಕ್ಕೆ ಬಿದ್ದಿತ್ತು, ಟವೆಲ್ಲು ಜನ ಓಡಾಡುವ ಬದಿಗೆ. ಟವೆಲ್ಲಿಗೆ ಹೊಟ್ಟೆ ಉರಿಯಿತು.

“ಅಂಗೈಯಗಲದ ನಿನಗೆ ತಂಗಾಳಿ, ಇಷ್ಟುದ್ದದ ನನಗೆ ಕಂಡವರ ಮೊಣಕೈ! ಏಳು ಮೇಲೆ.”

“ಇಬ್ಬರೂ ಒಂದೇ ಮನೆಯವರಿಗೆ ಸೀಟು ಕಾಯುತ್ತಿದ್ದೇವಲ್ಲ ಅಣ್ಣ” ಎಂದಿತು ಕರ್ಚೀಫು.

ಅಷ್ಟರಲ್ಲಿ ಡ್ರೈವರ್ ಬಸ್ಸನ್ನು ತುಸು ಮುಂದಕ್ಕೆ ತೆಗೆದ. ಆ ಕುಲುಕಾಟದಲ್ಲಿ ಟವೆಲ್ಲು ಕರ್ಚೀಫನ್ನು ಕೆಳಗೆ ಕೆಡವಿ, ತಾನು ಕಿಟಕಿ ಪಕ್ಕಕ್ಕೆ ಜರುಗಿತು. ಅದು ಬಿಟ್ಟ ಜಾಗದಲ್ಲಿ ಒಬ್ಬ ದಢೂತಿ ಮನುಷ್ಯ ಬಂದು ಕುಳಿತ.

“ರೀ, ಎರಡು ಸೀಟಿಗೂ ಬಟ್ಟೆ ಹಾಕಿದ್ದೆ!” ಎಂದು ಮರಿಸ್ವಾಮಿ ಕೂಗಿದ.

“ಇಲ್ಲಿ ಎಲ್ಲಿದೆ, ತೋರಿಸ್ರೀ.”

ಮರಿಸ್ವಾಮಿ ಟವೆಲ್ಲನ್ನೆತ್ತಿ ಹೆಗಲಿಗೆ ಹಾಕಿಕೊಂಡು, ಅವ್ವನನ್ನು ಕಿಟಕಿ ಪಕ್ಕ ಕೂರಿಸಿ, ತಾನು ನಿಂತ. ಅವ್ವ ಕಾಲಬುಡದಲ್ಲಿದ್ದ ಕರ್ಚೀಫನ್ನು ಕೊಡವಿ ಮಡಿಲಲ್ಲಿಟ್ಟುಕೊಂಡಳು.

ಬೆವರಿದ ಮೈಗಳ ನಡುವೆ ಸಿಕ್ಕಿ ಹಿಂಡಿಹೋಗುತ್ತಿದ್ದ ಟವೆಲ್ಲು ಅದನ್ನು ಕಂಡು ಹಲ್ಲು ಕಡಿಯಿತು:

“ನೋಡಿದಿರಾ, ಅದಕ್ಕೆ ಮತ್ತೆ ಕಿಟಕಿ ಪಕ್ಕ!”