ಪಟದ ಅಂಚು

“ಗುರುಗಳೇ, ಹಳೆಯ ಪಟವನ್ನು ನಂಬಿ ಚರಿತ್ರೆ ಬರೆಯಬಹುದೇ?” ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಚರಿತ್ರೆ ಬರೆಯಲು ಹೊರಟ ಶಿಷ್ಯ. ಮಠ ಕಟ್ಟಿದ ಕಾಲದಲ್ಲಿ ನೇಯ್ದ ಗೋಡೆಪಟವೊಂದು ಅವನಿಗೆ ಅಟ್ಟದಲ್ಲಿ ಸಿಕ್ಕಿತ್ತು. ಅದನ್ನು ಬಿಟ್ಟರೆ ಆ ಕಾಲದ ದಾಖಲೆ ಬೇರೆ ಇರಲಿಲ್ಲ. ಪಟದ ನಡುವೆ ಮೂಲಗುರುಗಳು ಕಲ್ಲು ಇಡುತ್ತಿರುವ ಚಿತ್ರ ಚೆನ್ನಾಗಿಯೇ ಉಳಿದಿದೆ ಎಂದ. ಅಂಚನ್ನು ಇಲಿ ಕಡಿದಿತ್ತು, ಅಲ್ಲಿ ಯಾರೋ ಕೂಲಿಯವರಷ್ಟೇ ಇದ್ದರು, ಅದನ್ನು ಕತ್ತರಿಸಿ ಬೆಳಿಗ್ಗೆ ನೀರೊಲೆಗೆ ಹಾಕಿದೆ ಎಂದೂ ಹೇಳಿದ.

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಂದು ಕೆರೆ ಇತ್ತು. ಕೆರೆ ತೋಡಿದವರ ವಂಶಕ್ಕೆ ಮೊದಲ ನೀರು ಎಂಬುದು ಆ ಸೀಮೆಯ ಕಟ್ಟಳೆ. ಒಂದು ವರ್ಷ ರಾಜ ಮೊದಲ ನೀರನ್ನು ತನ್ನ ಮಾವಿನ ತೋಪಿಗೆ ತಿರುಗಿಸಿಕೊಂಡ. ಕೆರೆ ತೋಡಿಸಿದವನು ನನ್ನ ಮುತ್ತಜ್ಜ ಎಂದ. ತೋಡಿದವರು ನಮ್ಮ ಹಿರಿಯರು ಎಂದು ಕೆರೆಯ ಕೆಳಗಿನ ಊರಿನವರು ಬಂದು ನಿಂತರು. ಅವರ ಸಸಿಮಡಿಯಲ್ಲಿ ಪೈರು ನಾಟಿಗೆ ಕಾಯುತ್ತಿತ್ತು. ಇನ್ನು ಎಂಟು ದಿನ ತಡವಾದರೆ ಆ ವರ್ಷದ ಊಟ ಹೋದಂತೆಯೇ.

ಶಾಸನ ಇರಲಿಲ್ಲ. ಇದ್ದದ್ದು ಅರಮನೆಯ ಗೋಡೆಯ ಮೇಲಿನ ನೇಯ್ಗೆಯ ಪಟ ಒಂದೇ. ಅದರಲ್ಲಿ ರಾಜನ ಮುತ್ತಜ್ಜ ಗುದ್ದಲಿ ಹಿಡಿದು ನಿಂತಿದ್ದ. ಪಟವನ್ನು ನೋಡಿ ನಿಜ ಹೇಳು ಎಂದು ರಾಜ ಒಬ್ಬ ಪಂಡಿತನನ್ನು ನೇಮಿಸಿದ.

ಪಂಡಿತ ಪ್ರಾಮಾಣಿಕ. ಆದರೆ ತನ್ನ ಪ್ರಾಮಾಣಿಕತೆಯ ಮೇಲೆ ಅವನಿಗೆ ತುಸು ಹೆಚ್ಚೇ ಪ್ರೀತಿ. ಅವನು ಮೂರು ದಿನ ಪಟವನ್ನು ನೋಡಿದ. ಅರಮನೆಯ ಬೇಟೆಯ ಪಟದಲ್ಲೂ ಮದುವೆಯ ಪಟದಲ್ಲೂ ಅದೇ ಮುಖ, ಅದೇ ಮೀಸೆ ಕಂಡವು. ಪಟ ನೇಯ್ದ ಮನೆತನದ ನೇಕಾರನನ್ನು ಕರೆಸಿ ಕೇಳಿದ.

“ಅರಮನೆಯೋರ ಮುಖಕ್ಕೆ ನಮ್ಮಲ್ಲಿ ಒಂದೇ ನಮೂನೆ ಸ್ವಾಮಿ,” ಎಂದ ನೇಕಾರ. “ಬೇಟೆ ಅಂದ್ರೆ ಕೈಗೆ ಬಿಲ್ಲು ಕೊಡ್ತೀವಿ, ಕೆರೆ ಅಂದ್ರೆ ಗುದ್ದಲಿ. ಅವರು ಹೇಳಿದಂಗೆ ನಾವು ನೇಯೋದು.”

ಪಂಡಿತನಿಗೆ ಖುಷಿಯಾಯಿತು. ತುಂಬಿದ ಸಭೆಯಲ್ಲಿ ಎದ್ದು ನಿಂತು, ಈ ಪಟ ಸುಳ್ಳು ಹೇಳುತ್ತದೆ, ಇದು ಯಾರ ಪರವಾಗಿಯೂ ಸಾಕ್ಷಿಯಲ್ಲ, ಇಳಿಸಿ ಮೂಲೆಗೆ ಹಾಕಿ ಎಂದ. ರಾಜನ ಮುಖ ಕಪ್ಪಿಟ್ಟಿತು. ಆದರೆ ಊರಿನವರ ಕೈಯಲ್ಲೂ ಏನೂ ಉಳಿಯಲಿಲ್ಲ. ಸಾಕ್ಷಿಯೇ ಇಲ್ಲ ಎಂದ ಮೇಲೆ ನೀರು ಹರಿಯುತ್ತಿದ್ದ ಕಡೆಗೇ, ಮಾವಿನ ತೋಪಿಗೇ, ಹರಿಯುವುದಿತ್ತು.

ಆಳುಗಳು ಪಟವನ್ನು ಇಳಿಸಿ ಸುತ್ತತೊಡಗಿದರು. ಊರಿನವರ ಜೊತೆ ಬಂದಿದ್ದ ಒಬ್ಬ ರೈತ ಹೆಂಗಸು ಅದರ ಕೆಳಗಿನ ಅಂಚಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತಳು. ಅಲ್ಲಿ ಮಣ್ಣಿನ ಮಂಕರಿ ಹೊತ್ತ ಹೆಂಗಸರ ಸಾಲು ಇತ್ತು. ಒಬ್ಬೊಬ್ಬಳ ಕಿವಿಯ ಪಕ್ಕದಲ್ಲೂ ಒಂದು ಹಸಿರು ಕುಚ್ಚು. ಪಂಡಿತ ಅದನ್ನು ಬಳ್ಳಿಯ ಚಿತ್ತಾರ ಎಂದುಕೊಂಡಿದ್ದ.

“ಇವ್ರು ನಮ್ಮೂರೋರು ಬುದ್ಧಿ,” ಎಂದಳು. “ಸುತ್ತಲ ಊರಲ್ಲೆಲ್ಲ ಮಂಕರಿ ಕೆಳಗೆ ತಲೆಗೆ ಬಟ್ಟೆ ಸಿಂಬೆ. ಲಕ್ಕಿ ಸೊಪ್ಪಿಂದು ಸುತ್ತೋರು ನಾವೊಬ್ರೇ. ತಲೆನೋವು ಬರಲ್ಲ ಅಂತ. ಸೊಪ್ಪಿನ ಕೊನೇನ ಹಿಂಗೇ ಕಿವಿ ಪಕ್ಕ ಬಿಟ್ಕೋತೀವಿ.” ಕೆಲಸದಿಂದ ನೇರ ಬಂದಿದ್ದವಳು ಮಡಿಲಿನಿಂದ ತನ್ನ ಸಿಂಬೆಯನ್ನು ತೆಗೆದು ಪಟದ ಪಕ್ಕದಲ್ಲಿಟ್ಟಳು. ಸೊಪ್ಪು ಇನ್ನೂ ಬಾಡಿರಲಿಲ್ಲ.

ಪಂಡಿತ ನೇಕಾರನ ಕಡೆಗೆ ತಿರುಗಿದ. “ಈ ಹಸಿರನ್ನು ನೇಯಿ ಎಂದು ಅರಮನೆಯವರು ಹೇಳಿದ್ದರೇ?”

“ಅಂಚಿನ ಬಗ್ಗೆ ಅರಮನೆಯೋರು ಯಾವತ್ತೂ ಏನೂ ಹೇಳಲ್ಲ ಸ್ವಾಮಿ. ಅದು ನಮಗೆ ಬಿಟ್ಟಿದ್ದು. ನಮ್ಮ ಮುತ್ತಜ್ಜನ ಮಗ್ಗ ಕೆರೆ ಏರಿ ಪಕ್ಕದಲ್ಲೇ ಇತ್ತಂತೆ. ಕಂಡಿದ್ದು ನೇಯ್ದಿರ್ತಾನೆ.”

ಪಂಡಿತನಿಗೆ ನಾಚಿಕೆಯಾಯಿತು. ಮೂರು ದಿನವೂ ಅವನು ನಿಂತುಕೊಂಡೇ ನೋಡಿದ್ದ. ಅಂಚು ನೋಡಬೇಕಾದರೆ ಕೂರಬೇಕಿತ್ತು. ಅವನು ತನ್ನ ಮಾತನ್ನು ಅದೇ ಸಭೆಯಲ್ಲಿ ಹಿಂದಕ್ಕೆ ತೆಗೆದುಕೊಂಡ. ರಾಜ ಸಿಂಬೆಯನ್ನೂ ಪಟವನ್ನೂ ಹೋಲಿಸಿ ನೋಡಿದ. ಮರುದಿನ ಮೊದಲ ನೀರು ಊರಿನ ಗದ್ದೆಗೆ ಹರಿಯಿತು.

ಕತೆ ಮುಗಿಯಿತು.

ಗುರುಗಳು ಕೇಳಿದರು: “ನೀನು ನೀರೊಲೆಗೆ ಹಾಕಿದೆಯಲ್ಲ, ಆ ಜನರ ತಲೆಯ ಮೇಲೆ ಏನಿತ್ತು?”